ಎಲ್ಲ ಕೆಲಸ ಯಂತ್ರಗಳೇ ಮಾಡಿದರೆ, ದುಡಿಮೆಯೇ ಇಲ್ಲದ ಸಮಾಜ ಬರುತ್ತದೆಯೇ?

ಬರಬಹುದು. ಆದರೆ ಎರಡು ಸಂಗತಿ ಒಟ್ಟಿಗೆ ಆಗಬೇಕು. ಹೊಸದಾಗಿ ಹುಟ್ಟುವ ಕೆಲಸವನ್ನೂ ಯಂತ್ರವೇ ಮಾಡಬೇಕು. ಅದರ ಗಳಿಕೆ ಯಂತ್ರದ ಮಾಲೀಕರಲ್ಲದವರಿಗೂ ತಲುಪಬೇಕು.

ಸಿಂಧನೂರು ಕಡೆಯ ಭತ್ತದ ಗದ್ದೆ ನೋಡಿ. ಮೊದಲು ಕೊಯ್ಯಬೇಕಿತ್ತು, ಸಿವುಡು ಕಟ್ಟಬೇಕಿತ್ತು, ಬಣವೆ ಒಟ್ಟಬೇಕಿತ್ತು, ಆಮೇಲೆ ಒಕ್ಕಿ ತೂರಬೇಕಿತ್ತು. ಎಷ್ಟೋ ಆಳುಗಳ ಹಲವು ದಿನದ ದುಡಿಮೆ. ಈಗ ಕಟಾವು ಯಂತ್ರ ಗದ್ದೆಗಿಳಿದರೆ ಒಂದು ಎಕರೆ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕಾಳು ನೇರ ಟ್ರಾಲಿಗೆ ಸುರಿಯುತ್ತದೆ. ಹಾಗಂತ ಆಳುಗಳು ಮನೆಯಲ್ಲಿ ಆರಾಮಾಗಿ ಕೂತಿಲ್ಲ, ಅಲ್ವಾ? ಕಟ್ಟಡ ಕೆಲಸಕ್ಕೆ ಬೆಂಗಳೂರಿನ ಬಸ್ ಹತ್ತುತ್ತಾರೆ. ಯಂತ್ರದಿಂದ ಉಳಿತಾಯವಾದ ಕೂಲಿ ದುಡ್ಡು ಗದ್ದೆಯವರಿಗೂ ಯಂತ್ರದವರಿಗೂ ಹೋಯಿತು, ಇವರಿಗಲ್ಲ.

ಇಲ್ಲಿಯವರೆಗೆ ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆ ಹುಟ್ಟುತ್ತಿತ್ತು. ಯಂತ್ರಕ್ಕೆ ತೋಳಿತ್ತು, ತಲೆ ಇರಲಿಲ್ಲ. ಈಗ ಬರೆಯುವ, ಲೆಕ್ಕ ನೋಡುವ ಕೆಲಸಕ್ಕೂ ಸಾಫ್ಟ್‌ವೇರ್ ಕೈಹಾಕಿದೆ. (ನಲ್ಲಿ ರಿಪೇರಿ ಮಾಡುವವರು ಸದ್ಯಕ್ಕೆ ನೆಮ್ಮದಿಯಾಗಿರಬಹುದು.)

ನನಗೆ ಜಾಸ್ತಿ ಕಷ್ಟ ಅನ್ನಿಸುವುದು ಎರಡನೆಯದು, ಅಂದರೆ ಗಳಿಕೆ ಎಲ್ಲರಿಗೂ ತಲುಪುವುದು. ಸಂಬಳವೇ ಇಲ್ಲದಿದ್ದರೆ ಜನ ಅಕ್ಕಿ ಕೊಳ್ಳುವುದು ಹೇಗೆ? ಇದಕ್ಕೊಂದು ಸಣ್ಣ ಮಾದರಿ ಅಮೆರಿಕದ ಅಲಾಸ್ಕಾದಲ್ಲಿದೆ. ತೈಲದ ಆದಾಯದ ಒಂದು ಪಾಲನ್ನು ನಿಧಿಯಲ್ಲಿಟ್ಟು, ಅದರ ಗಳಿಕೆಯನ್ನು 1982ರಿಂದ ಪ್ರತಿವರ್ಷ ಅಲ್ಲಿನ ನಿವಾಸಿಗಳಿಗೆ ಹಂಚುತ್ತಾರೆ. ಮೊದಲ ವರ್ಷ ತಲಾ 1,000 ಡಾಲರ್ ಸಿಕ್ಕಿತ್ತು. ಕೆಲಸ ಬಿಟ್ಟು ಸುಮ್ನೆ ಕೂರುವಷ್ಟು ದುಡ್ಡೇನಲ್ಲ. ಆದರೆ ತೈಲದ ಜಾಗದಲ್ಲಿ ಯಂತ್ರಗಳ ಗಳಿಕೆಯನ್ನು ಇಟ್ಟರೆ ದಾರಿ ಹೆಚ್ಚುಕಡಿಮೆ ಇದೇ.