ಹೂ ಬೆಳೆದವರು ಇವರು, ಪರಿಹಾರ ಭಾವನ ಖಾತೆಗೆ

"ಹೋಗ್ಲಿ ಬಿಡಮ್ಮ, ಇಪ್ಪತ್ತು ಸಾವಿರ ತಾನೇ." ಈ ಮಾತನ್ನು ತವರಿನಲ್ಲಿ, ಸಂಘದಲ್ಲಿ, ಅಕ್ಕಪಕ್ಕದ ಮನೆಯಲ್ಲಿ ಕೇಳಿ ಕೇಳಿ ಸಾಕಾಗಿ ಆಕೆ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಿದ್ದರು. ಇಂಥ ಕಷ್ಟ ಹೇಳಿಕೊಂಡು ಬಂದ ಹೆಂಗಸರಲ್ಲಿ ಅವರೇ ಮೊದಲಿನವರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಚಿಕ್ಕಬಳ್ಳಾಪುರದ ಕಡೆಯವರು. ಗಂಡ ತೀರಿಕೊಂಡು ನಾಲ್ಕು ವರ್ಷ. ಎರಡೆಕರೆಯಲ್ಲಿ ಸೇವಂತಿಗೆ, ಚೆಂಡು ಹೂ. 2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು, ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಹಬ್ಬಕ್ಕೆಂದು ಬಿಡಿಸಿದ ಹೂ ತಿಪ್ಪೆಗೆ ಹೋಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಇವರ ಲೆಕ್ಕಕ್ಕೆ ಸುಮಾರು 20,000. ಆದರೆ ಪಹಣಿ ಭಾವನ ಹೆಸರಿನಲ್ಲಿತ್ತು. ದುಡ್ಡು ಅವರ ಖಾತೆಗೆ ಬಿತ್ತು. ಇವರ ನಿದ್ದೆ ಕೆಟ್ಟಿತು.

ಮೊದಲೆರಡು ಭೇಟಿಯಲ್ಲಿ ಬರೀ ತಲೆನೋವಿನ ಮಾತು. ಮೂರನೇ ಸಲ ಮಗಳ ಹಳೇ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ದಿನದಿನದ ಲೆಕ್ಕ: ತಾರೀಖು, ಎಷ್ಟು ಚೀಲ, ಎಷ್ಟು ಹಣ. ಮಾರ್ಚ್ 24ರ ಸಾಲಿನಲ್ಲಿ 11 ಚೀಲ ಎಂದಿತ್ತು. ಹಣದ ಜಾಗದಲ್ಲಿ ಒಂದು ಗೆರೆ. ಪೆನ್ನು ಒತ್ತಿ ಎಳೆದಿದ್ದಕ್ಕೆ ಹಾಳೆ ಸ್ವಲ್ಪ ಹರಿದಿತ್ತು.

ಆ ಗೆರೆಯ ಮೇಲೆ ಬೆರಳಿಟ್ಟು ಹೇಳಿದರು: "ದುಡ್ಡು ಬೇಕಾದ್ರೆ ಅವರೇ ಇಟ್ಕೊಳ್ಲಿ ಮೇಡಂ. ಲಿಸ್ಟಲ್ಲಿ ಹೂ ಬೆಳೆಗಾರ ಅಂತ ಅವರ ಹೆಸರಿದೆ. ಒಂದಿನ ತೋಟಕ್ಕೆ ನೀರು ಬಿಟ್ಟೋರಲ್ಲ. ಹಂಗಾದ್ರೆ ಇಷ್ಟು ವರ್ಷ ಅಲ್ಲಿ ಇದ್ದೋಳು ಯಾರು?"

ನಾನು ತುಂಬ ಹೊತ್ತು ಸುಮ್ಮನಿದ್ದೆ. ಆಕೆಯೂ ಸುಮ್ಮನಿದ್ದರು.

ಆಮೇಲೆ ಎರಡು ಮಾತು ಹೇಳಿದೆ. ಅತ್ತೆಯನ್ನು ಕೂರಿಸಿಕೊಂಡು, ಈ ಪುಸ್ತಕ ಮುಂದಿಟ್ಟು ಭಾವನ ಹತ್ತಿರ ನೇರವಾಗಿ ಮಾತಾಡಿ. ಮೊದಲು ಹೂವಿನ ಮಾತು, ಕೊನೆಗೆ ದುಡ್ಡಿನದು. ಇನ್ನೊಂದು, ಗಂಡನ ಪಾಲು ಭಾಗ ಮಾಡಿಸಿ ಜಮೀನಿನ ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ.

ಆಪ್ತಸಲಹೆಗಾರರು ಪಹಣಿ ವಿಷಯಕ್ಕೆ ಯಾಕೆ ಹೋಗಬೇಕು, ಮನೆ ಒಡೆದರೆ ಯಾರು ಹೊಣೆ ಅಂತ ಜೊತೆಯವರೊಬ್ಬರು ಕೇಳಿದರು. ನಿದ್ದೆ ಕೆಡಿಸಿದ್ದೇ ಆ ಪಹಣಿ. ಅದನ್ನು ಬಿಟ್ಟು ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸು ಬರಲಿಲ್ಲ. "ಹೊಂದ್ಕೊಂಡು ಹೋಗು" ಅನ್ನೋರು ಅವರ ಸುತ್ತ ಬೇಕಾದಷ್ಟು ಜನ ಇದ್ದರು. ಅದನ್ನೇ ಹೇಳೋಕೆ ನಾನೂ ಬೇಕಿತ್ತಾ?

ಗಂಡನ ಮನೆಯ ಜಮೀನಿನಲ್ಲಿ ದುಡಿಯುತ್ತಿರುವ ಅಕ್ಕಂದಿರೇ, ಒಮ್ಮೆ ಪಹಣಿ ತೆಗೆಸಿ ನೋಡಿ. ಬೆಳೆ ಸಮೀಕ್ಷೆಗೆ ಬಂದಾಗ ಹೊಲದಲ್ಲೇ ಇರಿ. ಲೆಕ್ಕ ಬರೆದಿಡಿ.

ಭಾವ 12,000 ಕೊಟ್ಟರು. ಭಾಗ ಇನ್ನೂ ಆಗಿಲ್ಲ. ನಿದ್ದೆ ಕೆಲವು ರಾತ್ರಿ ಬರುತ್ತದೆ, ಕೆಲವು ರಾತ್ರಿ ಇಲ್ಲ. 2021ರಲ್ಲಿ ಹೆಕ್ಟೇರಿಗೆ 10,000ದಂತೆ ಮತ್ತೆ ಪರಿಹಾರ ಬಂತು, ಮತ್ತೆ ಭಾವನ ಖಾತೆಗೇ. ಈ ಸಲ ಆಕೆ ತಿಂಗಳುಗಟ್ಟಲೆ ಕಾಯಲಿಲ್ಲ. ಅವತ್ತು ಸಂಜೆಯೇ ಪುಸ್ತಕ ಹಿಡಿದು ಹೋದರು.