ರಾಣಿಪುರಂ ಗುಡ್ಡದಲ್ಲಿ ಪ್ರಾಣಿ ಕಾಣ್ಬೇಕಾದ್ರೆ

ಪ್ರಶ್ನೆ: ಮಕ್ಕಳನ್ನ ಕರ್ಕೊಂಡು ಒಂದೇ ದಿನದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಹತ್ತಿ ಇಳ್ದು ಬರೋಕಾಗುತ್ತಾ? ಹೋಗಿ ಬಂದ ನಮ್ಮ ನೆಂಟ್ರು ಒಂದು ಪ್ರಾಣಿನೂ ಕಾಣ್ಲಿಲ್ಲ ಅಂತಾರೆ.
— ಓದುಗರು, ಬದಿಯಡ್ಕ

ಉತ್ತರ: ಧಾರಾಳ ಆಗುತ್ತೆ. ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್ ಆಗಿ ಪಾಣತ್ತಡಿಗೆ ಬಂದ್ರೆ ಅಲ್ಲಿಂದ ಘಾಟಿ ರಸ್ತೆ, ಮೇಲೆ ಫಾರೆಸ್ಟಿನವ್ರ ಕೌಂಟರಲ್ಲಿ ಟಿಕೆಟ್ ತಗೊಂಡು ನಡೆಯೋದು. ತುದಿ 1000 ಮೀಟರಿಗಿಂತ ಸ್ವಲ್ಪ ಎತ್ತರ ಅಷ್ಟೆ, ಮಕ್ಕಳು ನಮಗಿಂತ ಮೊದ್ಲೇ ಹತ್ತಿರ್ತಾರೆ.

ಪ್ರಾಣಿ ಕಾಣದೇ ಇರೋದಕ್ಕೆ ಕಾರಣ ಏನಂದ್ರೆ ಎಲ್ರೂ ತುದಿ ಕಡೆಗೇ ಓಡ್ತಾರೆ, ತುದೀಲಿರೋದು ಬರೀ ಹುಲ್ಲು, ಗಾಳಿ, ಒಳ್ಳೆ ವ್ಯೂ. ಜೀವ ಇರೋದೆಲ್ಲ ಕೆಳಗಿನ ಶೋಲಾ ಕಾಡಲ್ಲಿ, ಅಂದ್ರೆ ಹುಲ್ಲುಗುಡ್ಡದ ಮಡಿಲಲ್ಲಿರೋ ದಟ್ಟ ಕಾಡಲ್ಲಿ, ಅದನ್ನ ನಾವು ಮಾತಾಡ್ಕೊಂಡು ದಾಟಿಬಿಡ್ತೀವಿ. ಅಲ್ಲಿ ಸುಮ್ನೆ ಕೂತ್ಕೊಳಿ. ದಾರೀಲಿ ಅರ್ಧ ತಿಂದು ಬಿಸಾಡಿದ ಕಾಯಿ ಬಿದ್ದಿದ್ರೆ ತಲೆ ಎತ್ತಿ ನೋಡಿ, ಕೆಂಜಳಿಲು ಇರಬಹುದು, ಅದು ಕೊಂಬೆಯಿಂದ ಕೊಂಬೆಗೇ ಹಾರ್ಕೊಂಡು ಹೋಗೋದು, ನೆಲಕ್ಕಿಳಿಯೋದು ಅಪರೂಪ. ಮರಕ್ಕೆ ಅಂಟಿಕೊಂಡ ಹಾರುವ ಓತಿ ತೊಗಟೆ ಬಣ್ಣದಲ್ಲೇ ಇರುತ್ತೆ, ಅಲ್ಲಾಡಿದ್ರೆ ಮಾತ್ರ ಗೊತ್ತಾಗೋದು, ಇಂಥದ್ದಕ್ಕೆ ಮಕ್ಕಳ ಕಣ್ಣೇ ಚುರುಕು. ತೋಡಿನ ಹತ್ರ ಯಾರೋ ಮನುಷ್ಯ್ರು ಸೀಟಿ ಹೊಡ್ದ ಹಾಗೆ ಕೇಳಿದ್ರೆ ಅದು ಸಿಳ್ಳಾರ ಹಕ್ಕಿ, ನನಗಂತೂ ಅದೊಂದು ಕೇಳಿದ್ರೂ ಸಾಕು, ಹೋಗಿದ್ದು ಸಾರ್ಥಕ.

ಆನೆ ವಿಷಯ ಮಾತ್ರ ಹುಷಾರು. ಈ ಕಾಡು ಕೊಡಗಿನ ತಲಕಾವೇರಿ ವನ್ಯಧಾಮಕ್ಕೆ ತಾಗಿಕೊಂಡಿದೆ, ಅವು ಆಚೆ ಈಚೆ ಓಡಾಡ್ತಾನೇ ಇರ್ತವೆ. ಹಸಿ ಲದ್ದಿ ಕಂಡ್ರೆ ಮುಂದೆ ಹೋಗ್ಬೇಡಿ, ವಾಪಸ್ ಬಂದು ಫಾರೆಸ್ಟಿನವ್ರಿಗೆ ಹೇಳಿ. ಫೋಟೋ ಆಸೆಗೆ ಹತ್ರ ಹೋಗೋರನ್ನ ದಯವಿಟ್ಟು ತಡೀರಿ, ಮರಿ ಇರೋ ಹಿಂಡಾದ್ರೆ ಎರಡು ಕಡೆಗೂ ಅಪಾಯ.

ಪ್ರಶ್ನೆ: ಮಳೆಗಾಲದಲ್ಲಿ ರಾಣಿಪುರಂನಲ್ಲಿ ಉಂಬಳದ (ರಕ್ತ ಹೀರೋ ಜಿಗಣೆ) ಕಾಟ ಅಂತೆ, ಹೋಗದೇ ಇರೋದು ಒಳ್ಳೇದಾ?
— ಓದುಗರು, ಮಂಜೇಶ್ವರ

ಉತ್ತರ: ಕಾಟ ಹೌದು, ಆದ್ರೆ ಹೆದರುವಂಥದ್ದಲ್ಲ. ಉದ್ದ ಸಾಕ್ಸ್ ಒಳಗೆ ಪ್ಯಾಂಟ್ ತೂರಿಸಿ, ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಚ್ಚಿ. ಕಚ್ಚಿದ್ರೆ ಉಗುರಿಂದ ಬಾಯಿ ಹತ್ರ ಜಾರಿಸಿ ತೆಗೀರಿ, ಬೆಂಕಿ ತಾಗಿಸ್ಬೇಡಿ. ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದ್ರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತೆ, ಒತ್ತಿ ಹಿಡಿದ್ರೆ ನಿಲ್ಲುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮಾತ್ರ ಡಾಕ್ಟ್ರನ್ನ ಕೇಳ್ಕೊಂಡೇ ಹೊರಡಿ. ಜೋರು ಮಳೆ, ಗಾಳಿ ಇದ್ದಾಗ ದಾರಿ ಮುಚ್ಚೋದೂ ಇದೆ, ವಿಚಾರಿಸ್ಕೊಂಡು ಹೋಗಿ.