ಅಮೆರಿಕದ ಬೋಧನಾ ಸಹಾಯಕರ ಒಪ್ಪಂದ ಮಾತುಕತೆ ಹೇಗೆ ನಡೆಯುತ್ತದೆ? ಕೊಡಗಿನ ಅತಿಥಿ ಉಪನ್ಯಾಸಕರಿಗೆ ಅದು ಸಾಧ್ಯವೇ?

ಕೊಡಗಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಅಮೆರಿಕದಲ್ಲಿ ಬೋಧನಾ ಸಹಾಯಕರ (ಪಿಎಚ್.ಡಿ. ಮುಂತಾದ ಉನ್ನತ ವ್ಯಾಸಂಗ ಮಾಡುತ್ತಲೇ ಸಂಬಳಕ್ಕೆ ಪಾಠ ಮಾಡುವ ವಿದ್ಯಾರ್ಥಿಗಳ) ಯೂನಿಯನ್ ವಿಶ್ವವಿದ್ಯಾಲಯದೊಡನೆ ಒಪ್ಪಂದವನ್ನು ಹೇಗೆ ಮಾಡಿಕೊಳ್ಳುತ್ತದೆ, ಮತ್ತು ನಮ್ಮಲ್ಲಿ ಅಂಥದ್ದು ಏಕೆ ಆಗುತ್ತಿಲ್ಲ. ನಾನು ವಿರಾಜಪೇಟೆಯವನು. ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಬೋಧನಾ ಸಹಾಯಕನಾಗಿದ್ದೆ, ಯೂನಿಯನ್ನಿನ ಮಾತುಕತೆ ಸಮಿತಿಯಲ್ಲಿಯೂ ಇದ್ದೆ. ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರ ಒಳಗೇ ಅಡಗಿರುವುದರಿಂದ ಅಲ್ಲಿನ ಕ್ರಮವನ್ನು ಮೊದಲು ವಿವರಿಸುತ್ತೇನೆ.

ಯೂನಿಯನ್ನಿಗೆ ಬಹುಮತದ ಬೆಂಬಲವಿದೆಯೆಂದು ಒಮ್ಮೆ ವಿಧಿವತ್ತಾಗಿ ಸಾಬೀತಾದರೆ, ಆಡಳಿತವು ಅದರೊಡನೆ ಮಾತುಕತೆಗೆ ಕೂರಲೇಬೇಕು. ವೇತನ, ಕೆಲಸದ ಅವಧಿ, ಕೆಲಸದ ಷರತ್ತುಗಳನ್ನು ಕುರಿತು ಸದ್ಭಾವನೆಯಿಂದ ಚರ್ಚಿಸಬೇಕು ಮತ್ತು ಅದಕ್ಕೆ ಬೇಕಾದ ಮಾಹಿತಿಯನ್ನು ಕೇಳಿದಾಗ ಒದಗಿಸಬೇಕು. ಒಪ್ಪಲೇಬೇಕೆಂಬ ಕಟ್ಟುಪಾಡು ಮಾತ್ರ ಯಾರಿಗೂ ಇಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯಗಳ ಮೇಲೆ ಈ ಹೊಣೆ ಹೊರಿಸುವುದು ಆಯಾ ರಾಜ್ಯದ ಕಾನೂನಾದ್ದರಿಂದ ಎಲ್ಲ ರಾಜ್ಯಗಳಲ್ಲೂ ಈ ಹಕ್ಕು ಒಂದೇ ರೀತಿ ಇಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ಅಲ್ಲಿನ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಬೋಧನಾ ಸಹಾಯಕರು ವಿದ್ಯಾರ್ಥಿಗಳೇ ಹೊರತು ನೌಕರರಲ್ಲವೆಂದು 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದ್ದ ಆ ಮಂಡಳಿ, 2016ರಲ್ಲಿ ಕೊಲಂಬಿಯಾ ಪ್ರಕರಣದಲ್ಲಿ ಅವರು ನೌಕರರೂ ಹೌದೆಂದು ತನ್ನ ನಿಲುವನ್ನು ಬದಲಿಸಿತು. ಇವೆಲ್ಲಕ್ಕೂ ಬಹಳ ಮೊದಲು, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1966ರಲ್ಲಿ ಹುಟ್ಟಿದ ಬೋಧನಾ ಸಹಾಯಕರ ಸಂಘ 1970ರಲ್ಲಿ ಮುಷ್ಕರ ಹೂಡಿ ತನ್ನ ಮೊದಲ ಒಪ್ಪಂದವನ್ನು ಪಡೆದಿತ್ತು.

ಹಳೆಯ ಒಪ್ಪಂದ ಮುಗಿಯುವುದಕ್ಕೆ ಹಲವು ತಿಂಗಳ ಮೊದಲೇ ಯೂನಿಯನ್ ಸದಸ್ಯರ ಅಭಿಪ್ರಾಯ ಸಂಗ್ರಹಿಸಿ, ಪ್ರತಿಯೊಂದು ಬೇಡಿಕೆಯನ್ನೂ ಕಲಮಿನ ರೂಪದಲ್ಲಿ ಬರೆದುಕೊಳ್ಳುತ್ತದೆ. ಎದುರು ಬದಿಯಲ್ಲಿ ಕೂರುವವರು ಸಾಮಾನ್ಯವಾಗಿ ಕಾರ್ಮಿಕ ಸಂಬಂಧ ವಿಭಾಗದ ಅಧಿಕಾರಿಗಳು ಮತ್ತು ವಕೀಲರು. ಬೆಳಿಗ್ಗೆ ನಮ್ಮ ಪ್ರಬಂಧ ತಿದ್ದಿದ ಗೈಡ್ ಎದುರಿಗೇ ಮಧ್ಯಾಹ್ನ ಸಂಬಳ ಕೇಳುವ ಸಂಕಟ ಇದರಿಂದ ತಪ್ಪುತ್ತದೆ, ಅದೇನೂ ಸಣ್ಣ ಅನುಕೂಲವಲ್ಲ. ಹಣದ ಮಾತಿಲ್ಲದ ಕಲಮುಗಳು ಬಹುತೇಕ ಮೊದಲು ಬರುತ್ತವೆ. ಒಂದು ಬದಿಯ ಕರಡಿಗೆ ಇನ್ನೊಂದು ಬದಿ ತಿದ್ದುಪಡಿ ಕೊಡುವುದು, ನಡುವೆ ಎದ್ದು ಹೋಗಿ ತಮ್ಮತಮ್ಮಲ್ಲೇ ಚರ್ಚಿಸಿ ಬರುವುದು, ಒಪ್ಪಿಗೆಯಾದ ಕಲಮಿಗೆ ಅಲ್ಲಲ್ಲೇ ತಾತ್ಕಾಲಿಕವಾಗಿ ಸಹಿ ಹಾಕುವುದು, ಹೀಗೆ ತಿಂಗಳುಗಟ್ಟಲೆ ಸಾಗುವ ಈ ಕೆಲಸ ನೋಡುವವರಿಗೆ ಬೇಸರ ತರಿಸುವಂಥದ್ದು.

ಪತ್ರಿಕೆಗಳು ಸಂಬಳದ ಅಂಕಿಯನ್ನೇ ಬರೆಯುತ್ತವೆ. ಆದರೆ ನನ್ನ ದೃಷ್ಟಿಯಲ್ಲಿ ಒಪ್ಪಂದದ ಜೀವಾಳ ಕೆಲಸದ ಅವಧಿಯ ಕಲಮು ಮತ್ತು ಕುಂದುಕೊರತೆಯ ಕಲಮು. ಅರ್ಧಕಾಲಿಕ ನೇಮಕಾತಿಯೆಂದರೆ ವಾರಕ್ಕೆ 20 ಗಂಟೆ. ತರಗತಿಯಲ್ಲಿ ನಿಲ್ಲುವ ಹೊತ್ತಷ್ಟೇ ಇದರಲ್ಲಿ ಸೇರುವುದಿಲ್ಲ. ಪಾಠದ ತಯಾರಿ, ಉತ್ತರ ಪತ್ರಿಕೆಗಳ ಮೌಲ್ಯಮಾಪನ, ವಿದ್ಯಾರ್ಥಿಗಳ ಭೇಟಿ, ಪ್ರಾಧ್ಯಾಪಕರೊಡನೆ ಸಭೆ, ಎಲ್ಲವನ್ನೂ ಈ 20 ಗಂಟೆಗಳೊಳಗೇ ಲೆಕ್ಕ ಹಿಡಿಯಬೇಕೆಂದು ಒಪ್ಪಂದ ಹೇಳಿದರೆ, ಎಂಬತ್ತು ವಿದ್ಯಾರ್ಥಿಗಳ ಪತ್ರಿಕೆಗಳನ್ನು ಒಬ್ಬರ ತಲೆಗೇ ಕಟ್ಟುವುದು ಕಷ್ಟವಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವಾದ್ದರಿಂದ ನಮ್ಮಂಥವರಿಗೆ ಈ ಕಲಮು ಇನ್ನೂ ಮುಖ್ಯವಾಗಿತ್ತು. ಇದನ್ನು ಮೀರಿ ಯಾರಾದರೂ ಕೆಲಸ ಹೇರಿದರೆ ದೂರು ಹಂತಹಂತವಾಗಿ ಮೇಲೇರಿ, ಕೊನೆಗೆ ಎರಡು ಪಕ್ಷಕ್ಕೂ ಸೇರದ ಮಧ್ಯಸ್ಥಗಾರರ ಮುಂದೆ ತೀರ್ಮಾನವಾಗುತ್ತದೆ. ಇದಕ್ಕೆ ಪ್ರತಿಯಾಗಿ ಆಡಳಿತವೂ ಒಂದನ್ನು ಪಡೆಯುತ್ತದೆ: ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಮುಷ್ಕರ ಹೂಡುವುದಿಲ್ಲವೆಂದು ಯೂನಿಯನ್ ಸಾಮಾನ್ಯವಾಗಿ ಬರೆದುಕೊಡಬೇಕಾಗುತ್ತದೆ.

ಸಂಬಳದ ವಿಷಯದಲ್ಲಿ ಒಂದು ಉದಾಹರಣೆ ಸಾಕು. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಬೋಧನಾ ಸಹಾಯಕರು, ಸಂಶೋಧಕರು ಮುಷ್ಕರ ಆರಂಭಿಸಿದರು. ವರ್ಷಕ್ಕೆ 54,000 ಡಾಲರ್ ಕೇಳಿದ್ದ ಬೋಧನಾ ಸಹಾಯಕರಿಗೆ ಸಿಕ್ಕಿದ್ದು, 2024ರ ಅಕ್ಟೋಬರ್ ಹೊತ್ತಿಗೆ ಒಂಬತ್ತು ತಿಂಗಳ ಅರ್ಧಕಾಲಿಕ ಕೆಲಸಕ್ಕೆ ಕನಿಷ್ಠ ಸುಮಾರು 34,000 ಡಾಲರ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್‌ಗಳಲ್ಲಿ 36,500 ಡಾಲರ್. ಡಿಸೆಂಬರ್ 23ರಂದು ಮುಗಿದ ಮತದಾನದಲ್ಲಿ ಅವರ ಘಟಕದಲ್ಲಿ ಮತ ಹಾಕಿದವರ ಪೈಕಿ ಸುಮಾರು ಶೇ 62ರಷ್ಟು ಮಂದಿ ಇದನ್ನು ಒಪ್ಪಿದರು, ಉಳಿದವರು ಇದು ಸಾಲದೆಂದರು.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯನ್ನೂ ಕೈಗಾರಿಕೆಯ ವ್ಯಾಖ್ಯೆಯೊಳಗೆ ತಂದಿತು. ಆದರೆ 1988ರಲ್ಲಿ ಗೋವಾದ ಸುಂದರಂಬಾಳ್ ಪ್ರಕರಣದಲ್ಲಿ, ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲವೆಂದು ತೀರ್ಪಿತ್ತಿತು. ಕೊಡಗಿನಲ್ಲಿ ತೋಟ ಕಾರ್ಮಿಕರ ಕೂಲಿಯ ಬಗ್ಗೆ ಮಾಲೀಕರೊಡನೆ ಮಾತನಾಡುವ ಯೂನಿಯನ್‌ಗಳಿಗೆ ಇರುವ ಕಾನೂನಿನ ಆಸರೆ, ಅದೇ ತೋಟದ ಪಕ್ಕದ ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಇಲ್ಲದಿರುವುದು ಇದರಿಂದಲೇ. ಸಂಘ ಕಟ್ಟುವುದಕ್ಕೆ ಅಡ್ಡಿಯಿಲ್ಲ. ಸರ್ಕಾರವನ್ನು ಮಾತುಕತೆಗೆ ಕೂರಿಸುವ ಕಾನೂನು ಇಲ್ಲ, ಅಷ್ಟೆ. ತಾತ್ಕಾಲಿಕ ನೌಕರರ ಸೇವೆಯನ್ನು ಕಾಯಂ ಮಾಡುವ ದಾರಿಯನ್ನು ಸುಪ್ರೀಂ ಕೋರ್ಟಿನ 2006ರ ಉಮಾದೇವಿ ಪ್ರಕರಣದ ತೀರ್ಪು ಬಹುಮಟ್ಟಿಗೆ ಮುಚ್ಚಿದೆ.

ಆದ್ದರಿಂದ ನಮ್ಮಲ್ಲಿ ಹೋರಾಟದ ಫಲ ಸರ್ಕಾರಿ ಆದೇಶದ ರೂಪದಲ್ಲೇ ಬರುತ್ತದೆ. 11,000 ಮತ್ತು 13,000 ರೂಪಾಯಿಯಿದ್ದ ಅತಿಥಿ ಉಪನ್ಯಾಸಕರ ತಿಂಗಳ ಗೌರವಧನ 2022ರ ಜನವರಿಯಲ್ಲಿ ವಿದ್ಯಾರ್ಹತೆ, ಅನುಭವಗಳ ಮೇಲೆ 26,000ದಿಂದ 32,000ದವರೆಗೆ ಏರಿದ್ದು, ವಾರದ ಕಾರ್ಯಭಾರ 15 ಗಂಟೆಯಾದದ್ದು, 2024ರ ಆರಂಭದಲ್ಲಿ ಸೇವಾವಧಿಗೆ ತಕ್ಕಂತೆ ಮತ್ತೆ 5,000ದಿಂದ 8,000 ರೂಪಾಯಿ ಸೇರಿದ್ದು ಎಲ್ಲವೂ ಮುಷ್ಕರಗಳ ನಂತರವೇ. ಇವು ಸಣ್ಣ ಗಳಿಕೆಗಳಲ್ಲ. ಆದರೂ ಆದೇಶ ಹೊರಡಿಸಿದವರೇ ಅದನ್ನು ತಿದ್ದಬಲ್ಲರು, ಅದರ ಅರ್ಥವನ್ನೂ ಅವರೇ ಹೇಳುತ್ತಾರೆ. (ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದ ಅತಿಥಿ ಅಧ್ಯಾಪಕರ ನೇಮಕಾತಿ ಬೇರೆ ರೀತಿಯದು, ಅದನ್ನು ಇಲ್ಲಿಗೆ ಸೇರಿಸುತ್ತಿಲ್ಲ.)

ನನ್ನ ಸಲಹೆಯೆಂದರೆ, ಒಪ್ಪಂದದ ಕಲಮು ಬರೆಯುವಾಗಿನ ಎಚ್ಚರವನ್ನು ನಿಮ್ಮ ಮನವಿಯ ಭಾಷೆಗೆ ತನ್ನಿ. ‘ಸೇವಾ ಭದ್ರತೆ ಬೇಕು’ ಎಂಬ ಒಂದೇ ಸಾಲಿಗೆ ಇಲಾಖೆ ಒಂದೇ ಸಾಲಿನ ಉತ್ತರ ಕೊಡಬಲ್ಲದು. 15 ಗಂಟೆಗಳೊಳಗೆ ಆಂತರಿಕ ಮೌಲ್ಯಮಾಪನ, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಸೇರುತ್ತವೆಯೇ? ಕಾಯಂ ಉಪನ್ಯಾಸಕರು ಸೆಮಿಸ್ಟರ್ ನಡುವೆ ವರ್ಗವಾಗಿ ಬಂದರೆ ಹೊರಹೋಗುವ ಅತಿಥಿ ಉಪನ್ಯಾಸಕರಿಗೆ ಎಷ್ಟು ದಿನದ ಮುನ್ಸೂಚನೆ? ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಜಿಲ್ಲಾಧಿಕಾರಿಗಳು ಕಾಲೇಜುಗಳಿಗೂ ರಜೆ ಘೋಷಿಸಿದ ದಿನದ ಗಂಟೆಗಳು ಗೌರವಧನದ ಲೆಕ್ಕದಲ್ಲಿ ಏನಾಗುತ್ತವೆ, ಶನಿವಾರ ಮಧ್ಯಾಹ್ನ ಅದನ್ನು ತುಂಬಿಕೊಟ್ಟರೆ ಅದು ಹೆಚ್ಚುವರಿಯೇ? ಮೈದಾನದ ಜಿಲ್ಲೆಗಳ ಸಂಘದವರಿಗೆ ಈ ಕೊನೆಯ ಪ್ರಶ್ನೆ ಹೊಳೆಯುವುದಿಲ್ಲ, ಆದ್ದರಿಂದ ಅದನ್ನು ಕೊಡಗಿನವರೇ ಎತ್ತಬೇಕು.

ಅಲ್ಲಿ ಯೂನಿಯನ್ನಿಗೆ ಹಕ್ಕಾಗಿ ಸಿಗುವ ಮಾಹಿತಿಯಲ್ಲಿ ಬಹುಪಾಲನ್ನು ಇಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ನಿಮ್ಮ ಸಹೋದ್ಯೋಗಿಗಳು ಒಂದೇ ನಮೂನೆಯಲ್ಲಿ ಒಂದು ಸೆಮಿಸ್ಟರ್ ತಮ್ಮ ಗಂಟೆಗಳನ್ನು ದಿನಾಂಕ ಸಹಿತ ಬರೆದಿಟ್ಟು, ವಿಷಯವಾರು ಕಾರ್ಯಭಾರದ ಅಧಿಕೃತ ಪಟ್ಟಿಯನ್ನು ಆ ಅರ್ಜಿಯಿಂದ ಪಡೆದು, ಎರಡನ್ನೂ ಜೋಡಿಸಿ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ. ಅರ್ಜಿಯಲ್ಲಿ ಅಭಿಪ್ರಾಯ ಕೇಳದೆ ದಾಖಲೆಗಳ ಪ್ರತಿಯನ್ನೇ ಕೇಳಿ. ಅಭಿಪ್ರಾಯ ಕೇಳಿದ ಪ್ರಶ್ನೆಗಳನ್ನು ತಿರಸ್ಕರಿಸುವುದು ಅವರಿಗೆ ಸುಲಭ.